ಬಿಸಿಲಲ್ಲಿ ಒಣಗಿಸಿದ ಅಕ್ಷರಗಳು

ಬಳ್ಳಾರಿಯ ಬಿಸಿಲನ್ನು ಬೈಯದೆ ಹೊಗಳಿದವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ನಮ್ಮ ಪ್ರಿಂಟಿಂಗ್ ಅಂಗಡಿಯ ಡಿಸೈನರು. ಏಪ್ರಿಲ್ ಬಂದು ಊರೆಲ್ಲ ಕಾದ ಹೆಂಚಾಗಿ, ನಾವು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಸೂರ್ಯನಿಗೆ ಶಾಪ ಹಾಕುತ್ತಿದ್ದರೆ, ಅವರು ಖುಷಿಯಿಂದ ಅಂಗಡಿಯ ಮಾಳಿಗೆ ಹತ್ತುತ್ತಿದ್ದರು. ಬಟ್ಟೆ ಒಣಹಾಕುವ ಹಗ್ಗಕ್ಕೆ ಕಾಗದಗಳನ್ನು ಕ್ಲಿಪ್ಪು ಹಾಕಿ ತೂಗುಬಿಡುತ್ತಿದ್ದರು. ಎಲ್ಲ ಟೈಪ್‌ರೈಟರಿನಲ್ಲಿ ಹೊಡೆದ ಹಾಳೆಗಳು. ಒಂದು ಹಾಳೆಯ ತುಂಬ ಬರೀ ‘ಕ’, ಇನ್ನೊಂದರ ತುಂಬ ಬರೀ ‘ಮ’. ತುಂಟ ಹುಡುಗರಿಗೆ ಶಿಕ್ಷೆ ಕೊಟ್ಟು ಬರೆಸಿದ ಹಾಗೆ ಕಾಣುತ್ತಿತ್ತು.

"ಏನ್ ಸರ್, ಹಪ್ಪಳ ಒಣಾಕೀರೇನು?" ಎಂದು ನಾನು ಕೆಳಗಿನಿಂದ ಕೂಗುತ್ತಿದ್ದೆ.

"ಹೂಂ ಕೊಳಗಲ್ಲಮ್ಮಾ. ಇನ್ನೊಂದು ವಾರ ಬಿಸಿಲು ತಿನ್ಲಿ. ಆಮ್ಯಾಲ ಕರಿಯೋಣು" ಎಂದು ಅವರು ಮೇಲಿನಿಂದ ಉತ್ತರ ಕೊಡುತ್ತಿದ್ದರು.

ನನ್ನ ತವರು ಬಳ್ಳಾರಿಯ ಪಕ್ಕದ ಕೊಳಗಲ್ಲು. ಅದಕ್ಕೇ ಆ ಹೆಸರು. ಮಾವನವರು ತೀರಿಕೊಂಡ ಮೇಲೆ ಅವರ ಪ್ರಿಂಟಿಂಗ್ ಅಂಗಡಿ ನನ್ನ ಕೈಗೆ ಬಂತು. ಅಂಗಡಿಯ ಜೊತೆಗೇ ಈ ಡಿಸೈನರೂ ಬಂದರು. ಬೋರ್ಡಿನಲ್ಲಿ ಹೆಸರು ನನ್ನದು, ಯಜಮಾನಿಕೆ ಅವರದು. ಮೌಸ್ ಹಿಡಿಯುವುದನ್ನು ಬಿಟ್ಟು ನನಗೆ ಇನ್ನೇನೂ ಗೊತ್ತಿರಲಿಲ್ಲ. ಯಾವ ಅಕ್ಷರದ ಪಕ್ಕ ಎಷ್ಟು ಜಾಗ ಬಿಡಬೇಕು, ಯಾವ ಬಣ್ಣ ಯಾವ ಕಾಗದದ ಮೇಲೆ ಸಾಯುತ್ತದೆ ಎಂಬುದನ್ನೆಲ್ಲ ಕಲಿಸಿದವರು ಅವರು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದೆವು. ಈಗಲೂ ನನಗೆ ಅವರ ಹೆಸರು ಹೇಳಲು ಬಾಯಿ ಬರುವುದಿಲ್ಲ.

ಅವರು ಕುರುಗೋಡಿನವರು, ವೈಷ್ಣವರ ಮನೆತನ. ಹುಡುಗರಿದ್ದಾಗ ಊರ ಗೋಡೆಗಳ ಮೇಲೆ ಬೀಜ, ಗೊಬ್ಬರದ ಜಾಹೀರಾತು ಬರೆಯುತ್ತ ಕೈ ಪಳಗಿಸಿಕೊಂಡು, ಆಮೇಲೆ ಬಳ್ಳಾರಿಗೆ ಬಂದು ಪಾರ್ವತಿನಗರದಲ್ಲಿ ಮನೆ ಮಾಡಿದ್ದರು. ತೆಳ್ಳಗಿನ ಆಸಾಮಿ. ಹಣೆಯ ಮೇಲೆ ಬೆಳಿಗ್ಗೆ ಇಟ್ಟ ಗೋಪೀಚಂದನ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಕರಗಿ ಬರೀ ಗುರುತು ಉಳಿದಿರುತ್ತಿತ್ತು. ಯಾವ ಡಿಸೈನು ಮುಗಿಸಿದರೂ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ರಸ್ತೆ ದಾಟಿ ಎದುರಿನ ಅಂಗಡಿಯ ಮುಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಎಷ್ಟೋ ಸಲ ಲಾರಿಯವರು ಬೈದುಕೊಂಡು ಹೋಗಿದ್ದಾರೆ.

ಆ ಒಣಗಿಸುವ ಅಕ್ಷರಗಳ ಕಥೆ ಹೇಳಬೇಕು. ಸಿರುಗುಪ್ಪದ ಒಬ್ಬ ಗುಜರಿಯವನ ಹತ್ತಿರ ಅವರಿಗೆ ಒಂದು ಹಳೆಯ ಕನ್ನಡ ಟೈಪ್‌ರೈಟರ್ ಸಿಕ್ಕಿತ್ತು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅದರಿಂದ ಕಂಪ್ಯೂಟರಿಗೆ ಒಂದು ಕನ್ನಡ ಫಾಂಟು ಮಾಡಬೇಕೆಂಬ ಹುಚ್ಚು ಅವರಿಗೆ ಹತ್ತಿತು. ಹೊಸದಲ್ಲ, ಹಳೆಯದಾಗಿ ಕಾಣುವ ಫಾಂಟು. ಅಲ್ಲಲ್ಲಿ ಮಸಿ ಹಿಡಿಯದ, ಅಂಚು ತಿಂದುಹೋದ, ಹೊಟ್ಟೆಯಲ್ಲಿ ಮಸಿ ತುಂಬಿಕೊಂಡ ಅಕ್ಷರಗಳು. ಅದಕ್ಕಾಗಿ ರಿಬ್ಬನ್ನನ್ನು ಬಿಸಿಲಿಗೆ ಹಾಕಿ ಒಣಗಿಸಿದರು. ಒಣ ರಿಬ್ಬನ್ನಿನಲ್ಲಿ ಹೊಡೆದ ಹಾಳೆಗಳನ್ನು ಮತ್ತೆ ಬಿಸಿಲಿಗೆ ತೂಗಿದರು. ಬಿಸಿಲಿಗೆ ಕಾಗದ ಹಳದಿಯಾಗಿ, ಲಾರಿಗಳು ಎಬ್ಬಿಸಿದ ಕೆಂಪು ದೂಳು ಅದರ ಮೇಲೆ ಕೂತು, ಅದನ್ನು ಕೈಬಟ್ಟೆಯಿಂದ ಒರೆಸಿದಾಗ ಅಕ್ಷರದ ತೊಗಲು ಅಷ್ಟಷ್ಟೇ ಎದ್ದು ಬರುತ್ತಿತ್ತು. ಆಮೇಲೆ ಸ್ಕ್ಯಾನ್ ಮಾಡಿ, ಒಂದೊಂದನ್ನೂ ಕಂಪ್ಯೂಟರಿನಲ್ಲಿ ಕೂರಿಸುವುದು.

ಅಕ್ಷರ ಮುರಿಯಲು ಕಂಪ್ಯೂಟರಿನಲ್ಲೇ ರೆಡಿಮೇಡ್ ಉಪಾಯವಿದೆ, ಒಂದು ಗುಂಡಿ ಒತ್ತಿದರೆ ಆಯಿತು ಎಂದು ನಾನು ತೋರಿಸಿದೆ. ನೋಡಿ ಮುಖ ಹಿಂಡಿದರು.

"ಇದು ಬ್ಯಾಡ್ರಿ. ಎಲ್ಲಾ ‘ಅ’ನೂ ಒಂದ ಜಾಗದಾಗ ಮುರದಾವ. ಇಬ್ರು ಮುದುಕ್ರಿಗೆ ಒಂದ ಹಲ್ಲು ಬಿದ್ದಿರ್ತೈತೇನು?"

ಅದಕ್ಕಾಗಿ ಹೆಚ್ಚು ಬಳಕೆಯ ಅಕ್ಷರಗಳಿಗೆಲ್ಲ ಎರಡು ಮೂರು ರೂಪ ಮಾಡಿದರು. ಟೈಪ್‌ರೈಟರಿನಲ್ಲಿ ಒತ್ತಕ್ಷರ ಬೇರೆಯಾಗಿ ಹೊಡೆಯುವುದರಿಂದ ಅದು ಮೇಲಿನ ಅಕ್ಷರದ ಕೆಳಗೆ ಸರಿಯಾಗಿ ಕೂರದೆ ಕೊಂಚ ಜಾರಿರುತ್ತದೆ. ಆ ಜಾರಿದ್ದನ್ನೂ ಹಾಗೇ ಉಳಿಸಿದರು. ನಾನು ಅದಕ್ಕೆ ‘ಚಿಂದಿ ಫಾಂಟು’ ಎಂದು ಹೆಸರಿಟ್ಟೆ. "ಚಿಂದಿ ಅಲ್ರಿ, ಬಾಳಿ ಬದುಕಿದ್ದು" ಎಂದು ತಿದ್ದುತ್ತಿದ್ದರು. ಆದರೂ ಅಂಗಡಿಯಲ್ಲಿ ನಿಂತದ್ದು ನನ್ನ ಹೆಸರೇ.

ಅದನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದರಲ್ಲಿ ಅವರು ಭಾರೀ ಮಡಿ. ದೊಡ್ಡದಾಗಿ, ಕಡಿಮೆ ಮಾತಿಗೆ ಮಾತ್ರ ಹಾಕಬೇಕು. ಚಿಕ್ಕದು ಮಾಡಿದರೆ ಮುರಿದದ್ದು ಕಾಣುವುದಿಲ್ಲ, ಬರೀ ಕೊಳೆ ಕಾಣುತ್ತದೆ. ಮಿಂಚುವ ಕಾಗದದ ಮೇಲೆ ಸಲ್ಲದು. ಒಂದೇ ಬಣ್ಣ ಇರಬೇಕು. ಫ್ಲೆಕ್ಸಿಗೆ ಬೇಡವೇ ಬೇಡ. ಮತ್ತೆ ಅಂಕಿಗಳು ಮಾತ್ರ ಎಲ್ಲೂ ಮುರಿದಿರಕೂಡದು. "ರೇಟು ಬರಿಯೋ ಕಡೆ ಆಟ ಆಡಬಾರ್ದು" ಎನ್ನುತ್ತಿದ್ದರು.

ನಮ್ಮ ಊರಿನ ಗಿರಾಕಿಗಳಿಗೆ ಬೇಕಾದದ್ದು ಬಂಗಾರದ ಬಣ್ಣ, ನೆರಳು, ಮಿಂಚು. ಅಕ್ಷರದ ಮೇಲೆ ಒಂದು ನಕ್ಷತ್ರ ಹೊಳೆದರೆ ಅವರಿಗೆ ಸಮಾಧಾನ. ಇವರ ಫಾಂಟು ತೋರಿಸಿದರೆ, "ಸರ್, ಮಷೀನ್ ಕೆಟ್ಟೈತೇನ್ರಿ?" ಎಂದು ಕೇಳುತ್ತಿದ್ದರು. ಆದರೂ ಬಿಡದೆ ಒಬ್ಬೊಬ್ಬರನ್ನೇ ಒಲಿಸಿಕೊಂಡರು. ಮನೆಯಲ್ಲೇ ಶೇಂಗಾ ಚಟ್ನಿಪುಡಿ ಮಾಡಿ ಮಾರುವ ಒಬ್ಬ ಅಮ್ಮನ ಪೊಟ್ಟಣಕ್ಕೆ ಅದು ಬಂತು. ಹಳೆಯ ಫೋಟೋ ಸರಿಮಾಡಿ ಕೊಡುವ ಸ್ಟುಡಿಯೋದ ಬಾಗಿಲಿಗೆ ಬಂತು. ಕಂಟೋನ್ಮೆಂಟಿನ ಒಂದು ಹಳೆಯ ಬಂಗಲೆಯಲ್ಲಿ ಒಬ್ಬ ಹುಡುಗ ಕಾಫಿ ಅಂಗಡಿ ತೆರೆದಾಗ ಅದರ ಸುಣ್ಣದ ಗೋಡೆಯ ಮೇಲೆ ಇವರೇ ಕೈಯಾರೆ ಆ ಅಕ್ಷರಗಳನ್ನು ಬರೆದುಕೊಟ್ಟರು. ಅವತ್ತು ರಸ್ತೆಯ ಆಚೆ ನಿಂತು ಒಂದು ಕಣ್ಣು ಮುಚ್ಚಿಕೊಂಡು ನೋಡಿದರು ನೋಡಿ, ಆ ಮುಖ ಈಗಲೂ ನನ್ನ ಕಣ್ಣ ಮುಂದಿದೆ.

ಸಿರುಗುಪ್ಪದ ಒಬ್ಬ ಅಕ್ಕಿ ಮಿಲ್ಲಿನವರಿಗೆ ಚೀಲದ ಮೇಲೆ ಹಾಕಲು ಇದೇ ಫಾಂಟಿನಲ್ಲಿ ಡಿಸೈನು ಮಾಡಿಕೊಟ್ಟಿದ್ದೆವು. ಚೀಲಕ್ಕೆ ಅಚ್ಚು ಹಾಕುವವನು ಅಲ್ಲಿಯವನೇ, ವಯಸ್ಸಾದ ಸ್ಕ್ರೀನ್ ಪ್ರಿಂಟರ್. ನಾವು ಕಳಿಸಿದ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ್ದಾನೆ. ಅಕ್ಷರಗಳ ತುಂಬ ತೂತು. ಪಾಪ, ಇಡೀ ದಿನ ಕೂತು ಕಪ್ಪು ಪೆನ್ನಿನಿಂದ ಒಂದೊಂದೇ ತೂತು ಮುಚ್ಚಿದ್ದಾನೆ. ಚೀಲಗಳ ಮೇಲೆ ಅಕ್ಷರಗಳು ದುಂಡುದುಂಡಾಗಿ, ಸ್ನಾನ ಮಾಡಿ ಬಂದಂತೆ ನಿಂತಿದ್ದವು.

"ಫಿಲ್ಮ್‌ನ್ಯಾಗ ಭಾಳ ತೂತಿದ್ವು ಸರ್. ಎಲ್ಲಾ ಮುಚ್ಚೀನಿ. ನಿಮ್ಮ ಹೆಸ್ರು ಕೆಡಬಾರ್ದಂತ" ಎಂದು ಹೆಮ್ಮೆಯಿಂದ ಹೇಳಿದ.

ನನಗೆ ಮೈ ಉರಿದುಹೋಯಿತು. ಇವರು ನನ್ನ ಕೈ ಅದುಮಿ ಸುಮ್ಮನಿರಿಸಿ, "ಭಾಳ ಚಲೋ ಮಾಡೀರಿ. ಕಣ್ಣು ಎಷ್ಟ್ ನೋಯ್ಸಿಕೊಂಡ್ರೀ" ಎಂದು ಅವನ ಹೆಗಲು ತಟ್ಟಿದರು. ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. ನಗುವಾಗ ಅವರು ಸದ್ದು ಮಾಡುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಸಂಜೆ ಸ್ಕೂಲು ಬಿಟ್ಟು ಮನೆಗೆ ಹೋಗುವಾಗ ನಮ್ಮ ಅಂಗಡಿಗೆ ನುಗ್ಗಿ, ಅಪ್ಪನ ಪಕ್ಕದ ಸ್ಟೂಲು ಎಳೆದುಕೊಂಡು ಕೂತು, ಅವರು ಮಾಡುತ್ತಿದ್ದ ಡಿಸೈನನ್ನು ಟೀಕೆ ಮಾಡುವುದು ಅವಳ ರೂಢಿ. ಇಬ್ಬರೂ ಬೈದಾಡುವುದನ್ನು ನೋಡಿದರೆ ಗೆಳೆಯರು ಅನ್ನಬೇಕು. ಸಿರುಗುಪ್ಪದ ಹುಡುಗನ ಜೊತೆ ಅವಳ ಮದುವೆ ಗೊತ್ತಾದಾಗ ಅವಳು ಬಂದು ಅದೇ ಸ್ಟೂಲಿನ ಮೇಲೆ ಕೂತಳು.

"ಅಪ್ಪಾ, ಊರ ಮಂದಿ ಪತ್ರಿಕಿಗೆಲ್ಲಾ ಬಂಗಾರ ಬಳದೀಯಲ್ಲ, ನನಗದು ಬ್ಯಾಡ. ನನ್ನ ಪತ್ರಿಕಿ ನಿನ್ನ ಅಕ್ಷರದಾಗ ಆಗ್ಬೇಕು."

ಅವರು ತಿರುಗಿ ನೋಡಲಿಲ್ಲ. ಮಾನಿಟರ್ ಕಡೆಗೇ ಮುಖ ಮಾಡಿಕೊಂಡು, "ನಿಮ್ಮವ್ವನ್ನ ಕೇಳೀಯೇನು?" ಎಂದರು.

ಆ ಪತ್ರಿಕೆಯನ್ನು ಅವರು ಮಾಡಿದ್ದು ನೋಡಬೇಕಿತ್ತು. ಒರಟಾದ ದಪ್ಪ ಕಾಗದ, ಕಾಫಿ ಬಣ್ಣದ ಒಂದೇ ಮಸಿ, ಮೇಲೆ ದೇವರ ಹೆಸರು, ನಡುವೆ ಇಬ್ಬರ ಹೆಸರು ಮಾತ್ರ ದೊಡ್ಡದಾಗಿ. ಗಣಪತಿಯ ಚಿತ್ರವನ್ನೂ ಟೈಪ್‌ರೈಟರಿನ ಸೊನ್ನೆ, ಗೆರೆಗಳನ್ನೇ ಜೋಡಿಸಿ ಮಾಡಿದ್ದರು. ಗಿರಾಕಿಗಳು ಬಂದರೆ ಆ ಫೈಲು ಮುಚ್ಚಿ, ಅವರು ಹೋದ ಕೂಡಲೇ ಮತ್ತೆ ತೆರೆಯುತ್ತಿದ್ದರು. ನಮೂನೆಗೆಂದು ಕೆಲವೇ ಪ್ರತಿ ಅಚ್ಚು ಹಾಕಿ ಬೀಗರಿಗೆ ಒಂದು ಕಳಿಸಿದರು. ಹುಡುಗನಿಗೆ ಬಹಳ ಹಿಡಿಸಿತಂತೆ.

ಮಾರನೆಯ ದಿನ ಬೀಗರ ಫೋನು ಬಂತು. ಫೋನಿನ ದನಿ ಪಕ್ಕದ ಕುರ್ಚಿಯಲ್ಲಿದ್ದ ನನಗೂ ಕೇಳಿಸುತ್ತಿತ್ತು. ಹುಡುಗನ ತಂದೆ ಮೆದು ಮನುಷ್ಯ. ಬಹಳ ಹಿಂಜರಿಯುತ್ತ ಹೇಳಿದರು.

"ತಪ್ಪು ತಿಳೀಬ್ಯಾಡ್ರಿ ಬೀಗರ. ಮನ್ಯಾಗ ನಮ್ಮವ್ವ ಅದಾಳ. ಅಕ್ಷರ ಭಿನ್ನ ಆಗ್ಯಾವ ಅಂತಾಳ. ಮೊಮ್ಮಗ ಸೊಸಿ ಹೆಸರು ಹಿಂಗ ಒಡದಂಗ ಇದ್ರ ಹೆಂಗ ಮಂದಿಗೆ ಹಂಚೋದು ಅಂತ ಅಳಾಕತ್ಯಾಳ."

ಭಿನ್ನವಾದ ಮೂರ್ತಿಗೆ ನಮ್ಮಲ್ಲಿ ಪೂಜೆ ಇಲ್ಲ. ಒಡೆದ ಬಳೆಯನ್ನು ಮುತ್ತೈದೆ ಇಟ್ಟುಕೊಳ್ಳುವುದಿಲ್ಲ. ಆ ಅಜ್ಜಿಗೆ ಅಕ್ಷರವೂ ಹಾಗೇ ಕಂಡಿತ್ತು. ಇವರು ಒಂದು ಮಾತೂ ವಾದ ಮಾಡಲಿಲ್ಲ.

"ಆತ್ರಿ ಬೀಗರ. ಹಿರಿಯರು ಹೇಳೋದು ಖರೇ ಐತಿ. ನಾಳೆನ ಬ್ಯಾರೆ ಮಾಡಸ್ತೀನಿ" ಎಂದು ಫೋನಿಟ್ಟರು.

ನಾನು ಬಾಯಿಗೆ ಬಂದಂತೆ ಬೈದೆ. ಅವರು ಬಂಗಾರದ ಟೆಂಪ್ಲೇಟು ತೆರೆದು, "ಗಣಪ್ಪನ್ನ ಎಡಕ್ಕ ಕೂಡ್ಸೋಣ್ವೋ, ಬಲಕ್ಕೋ?" ಎಂದು ಕೇಳಿದರು. ಮಗಳ ಹೆಸರು ಟೈಪು ಮಾಡುತ್ತ, "ಮಗಳ ಮದುವಿ ದೊಡ್ಡದು ಕೊಳಗಲ್ಲಮ್ಮಾ. ನನ್ನ ಅಕ್ಷರದ್ದೇನೈತಿ" ಎಂದರು. ಊರಿಗೆಲ್ಲ ಬಂಗಾರದ ಪತ್ರಿಕೆಯೇ ಹೋಯಿತು. ಮದುವೆ ಚೆನ್ನಾಗಿಯೇ ಆಯಿತು. ಹುಡುಗಿ ಸಿರುಗುಪ್ಪಕ್ಕೆ ಹೋದಳು, ಸ್ಟೂಲು ಖಾಲಿಯಾಯಿತು. ಇವರು ದಿನಕ್ಕೊಂದು ಸಲ ಫೋನಿನಲ್ಲಿ ಅಳಿಯನ ಜೊತೆ ಏನೋ ತಮಾಷೆ ಮಾಡಿ ಭುಜ ಕುಣಿಸುತ್ತಿದ್ದರು.

ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಬರುವುದು ಪದ್ಧತಿ. ಮಗಳು ಮುಂಚೆಯೇ ಬಂದಿದ್ದಳು. ಅವನು ಬೈಕಿನಲ್ಲಿ ಹೊರಟಿದ್ದ. ಸಿರುಗುಪ್ಪದ ರಸ್ತೆಯಲ್ಲಿ ಭತ್ತ ಹೇರಿದ ಒಂದು ಟ್ರ್ಯಾಕ್ಟರು ಕೆಟ್ಟು ನಿಂತಿತ್ತು. ಹಿಂದೆ ದೀಪವಿರಲಿಲ್ಲ. ಅವನು ಮನೆ ಮುಟ್ಟಲಿಲ್ಲ.

ಮದುವೆಯಾಗಿ ವರ್ಷ ತುಂಬಿರಲಿಲ್ಲ. ಕರ್ಮಾಂತರವೆಲ್ಲ ಮುಗಿದ ಮೇಲೆ ಮಗಳು ಪಾರ್ವತಿನಗರದ ಮನೆಗೇ ಬಂದಳು. ಇವರು ಮತ್ತೆ ಅಂಗಡಿಗೆ ಬಂದ ದಿನ ಕುರ್ಚಿಯ ಮೇಲೆ ಕೂತು ಮಾಡಿದ ಮೊದಲ ಕೆಲಸ ಆ ಫಾಂಟನ್ನು ಅಳಿಸಿದ್ದು. ಆಮೇಲೆ ನನ್ನ ಹಿಂದೆ ಬಂದು ನಿಂತು, "ನಿಮ್ಮ ಮಷೀನ್‌ನ್ಯಾಗಿಂದೂ ತೆಗೀರಿ" ಎಂದರು. ನಾನು ಅಳಿಸುವ ತನಕ ಕದಲಲಿಲ್ಲ. ಪೆನ್‌ಡ್ರೈವಿನಲ್ಲಿ ಇದ್ದದ್ದು, ಇಮೇಲಿನಲ್ಲಿ ಇದ್ದದ್ದು, ಮಾಳಿಗೆಯಲ್ಲಿ ಕಟ್ಟಿಟ್ಟ ಹಾಳೆಗಳು ಎಲ್ಲವೂ ಹೋದವು. ಟೈಪ್‌ರೈಟರನ್ನು ಮತ್ತೆ ಗುಜರಿಗೆ ಹಾಕಿದರು. ದುಃಖದಲ್ಲಿದ್ದಾರೆ, ಕಲೆ ಗಿಲೆ ಯಾವುದೂ ಬೇಡವಾಗಿದೆ ಎಂದುಕೊಂಡು ನಾನು ಏನೂ ಕೇಳಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಚಟ್ನಿಪುಡಿಯ ಅಮ್ಮನ ಮನೆಗೆ ಹೋಗಿ ಹೊಸ ಲೇಬಲ್ಲು ತಾವೇ ಮಾಡಿಕೊಟ್ಟು ಹಳೆಯದನ್ನೆಲ್ಲ ತೆಗೆದುಕೊಂಡು ಬಂದರು. ಸ್ಟುಡಿಯೋದ ಬಾಗಿಲಿನ ಸ್ಟಿಕರ್ ಉಗುರಿನಿಂದ ಕಿತ್ತರು. ಯಾವ ಯಾವ ಊರಿಗೆ, ಯಾವ ಯಾವ ಕೆಲಸಕ್ಕೆ ಆ ಫಾಂಟು ಹೋಗಿತ್ತೋ ಅಲ್ಲಿಗೆಲ್ಲ ರಜೆ ಹಾಕಿ ಹೋಗಿ ಕೈ ಮುಗಿದು ಬದಲಾಯಿಸಿದರು. ಜನ ಇವರ ಸ್ಥಿತಿ ನೋಡಿ ಇಲ್ಲವೆನ್ನಲಿಲ್ಲ. ಕಂಟೋನ್ಮೆಂಟಿನ ಕಾಫಿ ಅಂಗಡಿಯ ಹುಡುಗ ಮಾತ್ರ ಒಪ್ಪಲಿಲ್ಲ. ನನಗೆ ಫೋನು ಮಾಡಿದ.

"ಅಕ್ಕಾ, ನೀವಾದ್ರೂ ಬಂದು ಹೇಳ್ರಿ ಸರ್‌ಗೆ. ಜನ ಆ ಗ್ವಾಡಿ ಮುಂದ ನಿಂತು ಫೋಟೋ ತಕ್ಕಂತಾರ. ಅದನ್ನ ಅಳಿಸಂದ್ರ ಹೆಂಗ? ಇಲ್ಲಿ ನಿಚ್ಚಣಿಕಿ ತಂದು ಇಟ್ಟಾರ."

ನಾನು ಹೋಗುವ ಹೊತ್ತಿಗೆ ಅವರು ಏಣಿ ಹತ್ತಿಯಾಗಿತ್ತು. ನಡು ಮಧ್ಯಾಹ್ನ. ಅರವತ್ತು ದಾಟಿದ ಮನುಷ್ಯ, ತಲೆಗೆ ಟವೆಲ್ ಕೂಡ ಇಲ್ಲ. ಹುಡುಗ ಅಳಿಸಲು ಬಿಡದಿದ್ದಕ್ಕೆ ಅವರೇ ಒಂದು ದಾರಿ ಕಂಡುಕೊಂಡಿದ್ದರು. ಎಡಗೈಯಲ್ಲಿ ಬಣ್ಣದ ಡಬ್ಬಿ, ಬಲಗೈಯಲ್ಲಿ ಸಣ್ಣ ಕುಂಚ. ಅಕ್ಷರಗಳಲ್ಲಿ ತಾವೇ ಬಿಟ್ಟಿದ್ದ ಬಿರುಕುಗಳನ್ನು ಒಂದೊಂದಾಗಿ ತುಂಬುತ್ತಿದ್ದರು. ತಿಂದುಹೋದ ಅಂಚುಗಳನ್ನು ನೇರ ಮಾಡುತ್ತಿದ್ದರು. ನಾನು ಕರೆದರೂ ಇಳಿಯಲಿಲ್ಲ. ಕೊನೆಯ ಅಕ್ಷರ ಮುಗಿಸಿಯೇ ಇಳಿದು ಬೇವಿನ ಮರದ ಕೆಳಗೆ ಕೂತರು. ಹುಡುಗ ನೀರು ತಂದುಕೊಟ್ಟು ಮುಖ ನೋಡಲಾಗದೆ ಒಳಗೆ ಹೋದ.

"ಸರ್, ಏನ್ ಮಾಡಾಕತ್ತೀರಿ ನೀವು?" ಎಂದೆ. ಸಿಟ್ಟು, ಸಂಕಟ ಎರಡೂ ಇತ್ತು.

"ಭಿನ್ನ ಅಂತ ಹೇಳಿದ್ರಲ್ಲ ಆ ಅಜ್ಜಿ. ನಾನು ಒಳಗೊಳಗ ನಕ್ಕಿದ್ದೆ."

ಆಗ ನನಗೆ ಅರ್ಥವಾಯಿತು.

"ಸರ್, ಆ ಪತ್ರಿಕಿ ಯಾರಿಗೂ ಹೋಗೇ ಇಲ್ಲಲ್ಲ. ಊರಿಗೆಲ್ಲಾ ಬಂಗಾರದ್ದ ಹೋಗೈತಿ. ನಾನ ಅಲ್ಲೇನು ಪ್ರಿಂಟ್ ಹಾಕ್ಸಿದ್ದು?"

"ಊರಿಗೆ ಹೋಗೈತಿ. ದೇವ್ರಿಗೆ?"

ಅವರ ಮನೆತನದಲ್ಲಿ ಮದುವೆಯ ಮೊದಲ ಪತ್ರಿಕೆ ಕುರುಗೋಡಿನ ಪ್ರಾಣದೇವರಿಗೆ. ಲಕೋಟೆಯ ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಜೊತೆ ಅರ್ಚಕರ ತಟ್ಟೆಗೆ ಇಡಬೇಕು. ಆಮೇಲೆಯೇ ಉಳಿದವರಿಗೆ ಹಂಚುವುದು. ಅವರು ಹೆಂಡತಿಯ ಜೊತೆ ಹೋಗಿದ್ದರು. ಬಂಗಾರದ ಪತ್ರಿಕೆಗಳ ಕಟ್ಟು ಚೀಲದಲ್ಲಿತ್ತು. ಆದರೆ ಲಕೋಟೆಯೊಳಗೆ ಅವರು ಇಟ್ಟದ್ದು ತಮ್ಮ ಅಕ್ಷರದ ಪತ್ರಿಕೆ. ಹೆಂಡತಿಗೂ ಗೊತ್ತಿರಲಿಲ್ಲ.

"ಮಗಳು ಕೇಳಿದ್ದು ಅದನ್ನ ಅಲ್ಲೇನ್ರೀ? ಯಾರ್ ಬ್ಯಾಡಂದ್ರೂ ದೇವ್ರಾದ್ರೂ ನೋಡ್ಲಿ ಅಂತ ಇಟ್ಟೆ. ಮಂದಿ ಕೈಯಾಗ ಚಂದನ್ನ ಹೆಸರು, ದೇವ್ರ ಕೈಯಾಗ ಒಡದ ಹೆಸರು. ಇಬ್ರ ಹೆಸರನ್ನೂ ನಾನ ಒಡದು ಕೊಟ್ಟು ಬಂದೆ."

ನಾನು ಸುಮ್ಮನೆ ಕೂರುವವಳಲ್ಲ. ದೀಪವಿಲ್ಲದ ಟ್ರ್ಯಾಕ್ಟರಿನವನನ್ನು ಬಿಟ್ಟು ನಿಮ್ಮನ್ನು ನೀವು ಯಾಕೆ ಬೈದುಕೊಳ್ಳುತ್ತೀರಿ ಎಂದೆ. ಅಕ್ಷರ ಎಣಿಸಿ ಜೀವ ತೆಗೆಯುವ ದೇವರಿದ್ದರೆ ಅವನಿಗೆ ಕಾಯಿ ಯಾಕೆ ಒಡೆಯಬೇಕು ಎಂದೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಅವರು ತಲೆ ತಗ್ಗಿಸಿ ಬೆರಳಿನ ಬಣ್ಣ ಕೆರೆಯುತ್ತ ಕೇಳಿಸಿಕೊಂಡರು.

"ನೀವು ಹೇಳೋದು ನನ್ನ ಬುದ್ಧಿಗೂ ಗೊತ್ತೈತಿ. ಸಂಜಿಗೆ ಮನಿಗೆ ಹೋದ್ರ ಆಕಿ ಬಂದು ಬಾಗಿಲಾ ತೆಗೀತಾಳ. ಅವಾಗ ಬುದ್ಧಿ ಕೆಲಸಾ ಮಾಡಂಗಿಲ್ಲ. ಆಕಿ ಮಾರಿ ನೋಡಾಕ ನನ್ನ ಕೈಲೆ ಆಗವಲ್ದು."

ಏಳುವ ಮುಂಚೆ ಒಂದು ಮಾತು ತೆಗೆದುಕೊಂಡರು. "ಮನ್ಯಾಗ ಹೇಳಬ್ಯಾಡ್ರಿ. ಇರೋ ದುಃಖನ ಸಾಕಾಗೈತಿ ಆಕಿಗೆ. ಅಪ್ಪನ ಕೈಲೇ ಆತು ಅಂತ ಗೊತ್ತಾದ್ರ ತಡಕೊಳಂಗಿಲ್ಲ." ನಾನು ಆಗಲಿ ಎಂದೆ.

ಆ ಮೇಲಿನ ವರ್ಷಗಳಲ್ಲಿ ಅವರು ಕೆಲಸ ಬಿಡಲಿಲ್ಲ. ಕೇಳಿದವರಿಗೆ ಕೇಳಿದಷ್ಟು ಬಂಗಾರ ಬಳಿದರು, ನಕ್ಷತ್ರ ಹೊಳೆಸಿದರು. ರಸ್ತೆ ದಾಟಿ ಹೋಗಿ ನೋಡುವುದನ್ನು ನಿಲ್ಲಿಸಿದರು. ಅಕ್ಷರದಲ್ಲಿ ಎಲ್ಲಾದರೂ ಒಂದು ಚುಕ್ಕಿ ಮಸಿ ಹಿಡಿಯದಿದ್ದರೆ ಇಡೀ ಕಟ್ಟನ್ನು ಪಕ್ಕಕ್ಕಿಟ್ಟು ಮತ್ತೆ ಅಚ್ಚು ಹಾಕಿಸುತ್ತಿದ್ದರು. ಅಂಗಡಿ ಮುಚ್ಚುವ ಹೊತ್ತಾದರೂ ಏಳಲು ಮನಸ್ಸಿರುತ್ತಿರಲಿಲ್ಲ. ಮಾಡಲು ಏನೂ ಇಲ್ಲದಿದ್ದರೆ ಕೀಬೋರ್ಡಿನ ಸಂದಿನ ದೂಳು ತೆಗೆಯುತ್ತ ಕೂರುತ್ತಿದ್ದರು.

ಅವರ ಊಟದ ಡಬ್ಬಿ ಕಟ್ಟುತ್ತಿದ್ದವಳು ಮಗಳು. ಅವಳು ಮತ್ತೆ ಸ್ಕೂಲಿಗೆ ಹೋಗತೊಡಗಿದ್ದಳು. ಬೆಳಿಗ್ಗೆ ಡಬ್ಬಿಯನ್ನು ಬಾಗಿಲ ಪಕ್ಕದ ಕಟ್ಟೆಯ ಮೇಲಿಟ್ಟು ತಾನು ಮುಂಚೆಯೇ ಹೊರಟುಬಿಡುತ್ತಿದ್ದಳಂತೆ. ಇವರು ಊಟ ಮಾಡಿ, ಅಂಗಡಿಯ ನಲ್ಲಿಯಲ್ಲಿ ಡಬ್ಬಿಯನ್ನು ತಿಕ್ಕಿ ತಿಕ್ಕಿ ತೊಳೆದು, ಒರೆಸಿ, ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದರು. ಬದನೆಕಾಯಿ ಪಲ್ಯ ಇದ್ದ ದಿನ ಮುಚ್ಚಳ ತೆಗೆದು ಬಹಳ ಹೊತ್ತು ನೋಡುತ್ತಿದ್ದರು. ಅದು ಅವರಿಗೆ ಇಷ್ಟವೆಂದು ಅವಳಿಗೆ ಗೊತ್ತಿತ್ತು. ಅವಳು ನಮ್ಮ ಅಂಗಡಿಯ ಕಡೆ ಬರಲೇ ಇಲ್ಲ.

ಈ ಬೇಸಿಗೆ ಶುರುವಾಗುವ ಮೊದಲೇ ಅವರು ಹೋದರು. ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಾನು ಹೋದಾಗ ನಡುಮನೆಯಲ್ಲಿ ಮಲಗಿಸಿದ್ದರು. ಕರಗಿ ಹೋಗದ ಗೋಪೀಚಂದನವನ್ನು ಅವರ ಹಣೆಯ ಮೇಲೆ ನಾನು ನೋಡಿದ್ದು ಅವತ್ತೇ. ಬಹಳ ಅತ್ತೆ. ನನ್ನ ಅಪ್ಪ ಹೋದಾಗ ಅಷ್ಟು ಅತ್ತಿರಲಿಲ್ಲ. ಮಗಳು ಗೋಡೆಗೆ ಒರಗಿ ನಿಂತಿದ್ದಳು, ಅಳಲಿಲ್ಲ.

ಕೆಲವು ದಿನಗಳಾದ ಮೇಲೆ ಅವಳು ಅಂಗಡಿಗೆ ಬಂದಳು. ವೈಕುಂಠ ಸಮಾರಾಧನೆಯ ಪತ್ರಿಕೆ ಮಾಡಿಸಬೇಕಿತ್ತು. ಸ್ಟೂಲಿನ ಮೇಲೆ ಕೂರಲಿಲ್ಲ, ನನ್ನ ಎದುರಿನ ಕುರ್ಚಿಯಲ್ಲಿ ಗಿರಾಕಿಗಳ ಹಾಗೆ ಕೂತಳು. ದಿನ, ಸ್ಥಳ ಎಲ್ಲ ಹೇಳಿ ಆದ ಮೇಲೆ, "ಅಪ್ಪನ ಆ ಹಳೇ ಅಕ್ಷರ ಐತೇನ್ರಿ? ಅದ್ರಾಗ ಮಾಡ್ರಿ. ಸಾವಿನ ಪತ್ರಿಕಿಗೆ ಯಾರೂ ಭಿನ್ನ ಅನ್ನಂಗಿಲ್ಲ" ಎಂದಳು.

ಇಲ್ಲ ಎಂದೆ. ಅವರೇ ಎಲ್ಲ ಕಡೆಯಿಂದ ಅಳಿಸಿದರು ಎಂದೆ.

"ಯಾಕಂತ?"

ಮಾತು ತೆಗೆದುಕೊಂಡವರೇ ಇರಲಿಲ್ಲ. ಇನ್ನು ಯಾರಿಗಾಗಿ ಮುಚ್ಚಿಡಬೇಕು ಎನ್ನಿಸಿತು. ಎಲ್ಲವನ್ನೂ ಹೇಳಿದೆ. ಕುರುಗೋಡಿನ ಲಕೋಟೆ, ಕಾಫಿ ಅಂಗಡಿಯ ಗೋಡೆ, ಬೇವಿನ ಮರದ ಕೆಳಗೆ ಆಡಿದ ಮಾತು. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಪ್ರಿಂಟರ್ ಓಡುತ್ತಿತ್ತು. ನಾನು ಎದ್ದು ಅದನ್ನು ನಿಲ್ಲಿಸಿ ಬಂದೆ.

"ನನ್ನ ಮಾರಿ ನೋಡ್ತಿರಲಿಲ್ಲ ಅಪ್ಪ" ಎಂದಳು. "ನಾ ಏನ್ ತಿಳಕೊಂಡಿದ್ದೆ ಗೊತ್ತೇನ್ರಿ? ಅಳಿಯನ್ನ ತಿಂದ್ಕೊಂಡು ಬಂದು ಕುಂತಾಳ ಅಂತ ಸಿಟ್ಟು ಐತಿ ಅಂದ್ಕೊಂಡಿದ್ದೆ."

"ಅವ್ರಿಗೆ ನಿನ್ನ ಮ್ಯಾಲ ಯಾಕಮ್ಮಾ ಸಿಟ್ಟು?"

"ದೀಪಾವಳಿಗೆ ನಮ್ಮ ಮನಿಯವ್ರು ಮರುದಿನ ಮುಂಜಾನಿ ಬಸ್ಸಿಗೆ ಬರ್ತೀನಿ ಅಂದಿದ್ರು. ಇವತ್ತ ಬರ್ರಿ ಅಂತ ನಾನ ಫೋನ್ ಮಾಡಿ ಹಟ ಮಾಡಿದ್ದೆ. ಅಪ್ಪ ಅಲ್ಲೇ ಕುಂತಿದ್ರು, ಕೇಳಿಸ್ಕೊಂಡಿದ್ರು. ಅದಕ್ಕ ನನ್ನ ಮಾರಿ ನೋಡವಲ್ರು ಅಂತ ನಾನೂ ಮಾತಾಡ್ಸೋದು ಬಿಟ್ಟೆ."

ಆ ಫೋನಿನ ವಿಷಯ ಅವರು ನನ್ನ ಹತ್ತಿರ ಒಂದು ದಿನವೂ ಎತ್ತಿರಲಿಲ್ಲ. ಅವರಿಗೆ ಅದು ನೆನಪಿನಲ್ಲೇ ಇರಲಿಲ್ಲವೋ ಏನೋ.

"ಅಪ್ಪ ತಮ್ಮನ್ನ ಬೈಕೊಂಡ್ರು, ನಾನು ನನ್ನನ್ನ ಬೈಕೊಂಡೆ. ಒಂದ ಮನ್ಯಾಗ ಇದ್ವಿ ಮೇಡಂ" ಎಂದಳು.

ಅವಳು ಅಳುತ್ತಾಳೆಂದು ನಾನು ಕಾದೆ. ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನೇರ ಕೂತಳು. ನಾನು ಕಂಪ್ಯೂಟರಿನ ಕಡೆ ತಿರುಗಿದೆ. ಪತ್ರಿಕೆಯ ಖಾಲಿ ಹಾಳೆ ತೆರೆದಿತ್ತು. ಅವರ ಹೆಸರು ಟೈಪು ಮಾಡಿ, ಒಂದೊಂದೇ ಫಾಂಟು ಹಾಕಿ ತೋರಿಸಿದೆ. ದುಂಡನೆಯದು, ಸಣಕಲು, ದಪ್ಪನೆಯದು. ಯಾವುದು ಇಡಲಿ ಎಂದು ಕೇಳಿದೆ.

ಅವಳು ಮಾನಿಟರಿನ ಮೇಲೆ ಅಪ್ಪನ ಹೆಸರನ್ನು ಬಹಳ ಹೊತ್ತು ನೋಡಿದಳು.

"ಯಾವ್ದರ ಹಾಕ್ರಿ. ಅಕ್ಷರ ಏನ್ ಮಾಡ್ತಾವ್ರಿ, ಪಾಪ."